ಕೆಂಡ ಕೇಳಲು ಬಂದವಳು

“ಅಯ್ಯನವರ, ಒಮ್ಮೆ ಪಾಪದಿಂದ ರಕ್ಷಣೆ ಹೊಂದಿದಾಂವ ಅದನ್ನ ಕಳಕೋಬಹುದೇನ್ರಿ?”

ಯೋವೇಲ ಇದನ್ನು ಕೇಳಿದ್ದು ಕೂರುವುದಕ್ಕೂ ಮೊದಲೇ. ಕಡ್ಲಿಹಾಳದಿಂದ ಹನ್ನೊಂದು ಮೈಲಿ ಸೈಕಲ್ ತುಳಿದು ಬಂದಿದ್ದ. ಮಧ್ಯಾಹ್ನದ ಬಿಸಿಲಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕರುಣಾಕರ ಅಯ್ಯನವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಶೇಂಗಾ ಸುಲಿಯುತ್ತ ಕೂತಿದ್ದರು. ಅವರಿಗೆ ಎಂಬತ್ತು ದಾಟಿತ್ತು. ಯೋವೇಲನಿಗೆ ದೇವರ ವಾಕ್ಯ ಕಲಿಸಿದವರು ಅವರು. ಎರಡು ವರ್ಷದ ಹಿಂದೆ ಅವನಿಗೆ ಸಭಾಪಾಲಕನಾಗಿ ದೀಕ್ಷೆಯಾದ ದಿನ ಅವನ ತಲೆಯ ಮೇಲೆ ಕೈಯಿಟ್ಟವರಲ್ಲಿ ಅವರೂ ಒಬ್ಬರು.

“ಯಾರು ಕಳಕೊಂಡ್ರು?” ಎಂದು ಅಯ್ಯನವರು ಕೇಳಿದರು.

“ಯಾರೂ ಅಂತ ಅಲ್ಲರಿ. ತಿಳ್ಕೊಳ್ಳೂಣು ಅಂತ ಬಂದೆ.”

“ಬರೇ ತಿಳ್ಕೊಳ್ಳಾಕ ಈ ಬಿಸಲಾಗ ಯಾರೂ ಹನ್ನೊಂದು ಮೈಲಿ ಸೈಕಲ್ ತುಳಿಯೂದಿಲ್ಲ. ನೀರು ಕುಡಿ. ಆಮ್ಯಾಲೆ ಖರೇದು ಹೇಳು.”

ಯೋವೇಲ ನೀರು ಕುಡಿದ. ಆಮೇಲೆ ಹೇಳಿದ.

ಕಡ್ಲಿಹಾಳದ ಹಳೆಯ ಉಪದೇಶಿ ಮಾರ್ಕಪ್ಪ ಹಾಸಿಗೆ ಹಿಡಿದು ತಿಂಗಳಾಗಿತ್ತು. ಒಂದು ಕಾಲದಲ್ಲಿ ಊರೆಲ್ಲ ಅವರನ್ನು ಮಾರ್ಕಪ್ಪನವರು ಎನ್ನುತ್ತಿತ್ತು. ಈಗ ಸಭೆಯ ಹಿರಿಯರೇ ಮಾರ್ಕ್ಯಾ ಎನ್ನುತ್ತಾರೆ. ಮೂವತ್ತು ವರ್ಷದ ಹಿಂದೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಆ ಊರಿಗೆ ಬಂದಾಗ ಅಲ್ಲಿ ಒಬ್ಬ ವಿಶ್ವಾಸಿಯೂ ಇರಲಿಲ್ಲ. ಬೇವಿನ ಮರದ ಕೆಳಗೆ ಕೂತು ಒಬ್ಬರೇ ಹಾಡುತ್ತಿದ್ದರು. ಎರಡು ಸಲ ಚಪ್ಪಲಿಯಿಂದ ಹೊಡೆಸಿಕೊಂಡರು. ಆದರೂ ಊರು ಬಿಡಲಿಲ್ಲ. ಇವತ್ತು ಆ ಸಭೆಯಲ್ಲಿರುವ ಇಪ್ಪತ್ತಾರು ಮನೆತನಗಳೂ ಅವರ ಬಾಯಿಂದ ವಾಕ್ಯ ಕೇಳಿ ಬಂದವು. ಯೋವೇಲನ ಮನೆಯೂ ಅದರಲ್ಲಿ ಒಂದು. ಹೆಂಡ ಕುಡಿದು ಹೆಂಡತಿಯನ್ನು ಬಡಿಯುತ್ತಿದ್ದ ಅವನ ಅಪ್ಪನನ್ನು ಕೈ ಹಿಡಿದು ಸಭೆಗೆ ಕರೆತಂದು ಕೂರಿಸಿದವರು ಮಾರ್ಕಪ್ಪನವರು.

ಆರು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡಳು. ಅವರು ಕುಡಿಯಲು ಕಲಿತರು. ಆಮೇಲೆ ಮಗಳು ಎಸ್ತೇರವ್ವನ ಕೂಸಿಗೆ ಒಂಬತ್ತು ದಿನ ಜ್ವರ ಬಿಡಲಿಲ್ಲ. ಪ್ರಾರ್ಥನೆ ಮಾಡಿದರು, ಇಳಿಯಲಿಲ್ಲ. ಹತ್ತನೆಯ ದಿನ ಕೂಸನ್ನು ಎತ್ತಿಕೊಂಡು ಊರ ಹೊರಗಿನ ಅಮ್ಮನ ಕಟ್ಟೆಗೆ ಹೋದರು. ಕಾಯಿ ಒಡೆಸಿದರು, ಕೂಸಿನ ಕೈಗೆ ದಾರ ಕಟ್ಟಿಸಿದರು. ಕೂಸು ಉಳಿಯಿತು. ಅದೇ ದೊಡ್ಡ ತಪ್ಪಾಯಿತು. ಸತ್ತಿದ್ದರೆ ಸಭೆ ಕನಿಕರಪಟ್ಟು ಕ್ಷಮಿಸುತ್ತಿತ್ತೇನೋ. ಮುಂದಿನ ಭಾನುವಾರವೇ ಹಿರಿಯರು ಕೂಡಿ ಅವರನ್ನು ಕರ್ತನ ಭೋಜನದಿಂದ, ಸಭೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸದಿಂದ, ದೂರ ಇಟ್ಟರು. ಅಂದಿನಿಂದ ಅವರು ದೇವಾಲಯದ ಹಿಂದಿನ ಬಾಗಿಲ ಬಳಿ ಕೂತು, ರೊಟ್ಟಿ ಹಂಚುವ ಹೊತ್ತಿಗೆ ಎದ್ದು ಹೋಗುತ್ತಿದ್ದರು.

ಈಗ ಅವರಿಗೆ ಸರಿಯಾಗಿ ಉಸಿರಾಡಲೂ ಆಗುತ್ತಿಲ್ಲ. ಹನ್ನೆರಡು ದಿನದ ಹಿಂದೆ ಎಸ್ತೇರವ್ವ ಯೋವೇಲನ ಬಾಗಿಲಿಗೆ ಬಂದಿದ್ದಳು. ಅಪ್ಪ ಒಂದು ತುತ್ತು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ಕೇಳುತ್ತಿದ್ದಾನೆ ಎಂದಳು. ಬರುತ್ತೇನೆ ಎಂದು ಯೋವೇಲ ಹೇಳಿದ್ದ. ಹೇಳಿ, ಹಿರಿಯರ ಮುಂದೆ ಮಾತು ಇಟ್ಟ. ಹಿರಿಯರು ಮೂರು ಸಲ ಕೂಡಿದರು. ಮಾರ್ಕ್ಯಾನಿಗೆ ರಕ್ಷಣೆ ಇತ್ತು, ಕಳೆದುಕೊಂಡ ಎಂದು ಅರ್ಧ ಮಂದಿ. ನಿಜವಾಗಿ ಹೊಂದಿದವನು ಬೀಳುವುದೇ ಇಲ್ಲ, ಬಿದ್ದ ಎಂದರೆ ಅವನಿಗೆ ಮೊದಲಿನಿಂದಲೂ ಇರಲಿಲ್ಲ ಎಂದು ಇನ್ನರ್ಧ ಮಂದಿ. ಕೈ ಕೈ ಮಿಲಾಯಿಸುವುದೊಂದು ಬಾಕಿ. ಕೊಡಬಾರದು ಎಂಬ ಒಂದು ಮಾತಿಗೆ ಮಾತ್ರ ಎರಡೂ ಕಡೆಯವರು ಸೇರಿ ತಲೆಯಾಡಿಸಿದರು. ಕಡೆಗೆ, ಕರುಣಾಕರ ಅಯ್ಯನವರನ್ನು ಕೇಳಿಕೊಂಡು ಬಾ, ಅವರು ಏನು ಹೇಳುತ್ತಾರೋ ನೋಡೋಣ ಎಂದು ಯೋವೇಲನನ್ನು ಕಳಿಸಿದರು.

ಹೇಳಿ ಮುಗಿಸಿದ ಮೇಲೆ ಯೋವೇಲನಿಗೆ ನಾಚಿಕೆಯಾಯಿತು. ಏನು ಮಾಡಬೇಕೆಂಬುದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಎಸ್ತೇರವ್ವ ಬಾಗಿಲಲ್ಲಿ ನಿಂತಾಗಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಹಿರಿಯರ ಮುಖ ನೋಡಿ ಅದನ್ನು ಹೇಳುವುದು ಹೇಗೆ ಎಂಬುದು. ಅವರು ಮನಸ್ಸು ಮಾಡಿದರೆ ಅವನನ್ನು ವರ್ಷ ತುಂಬುವುದರೊಳಗೆ ಬೇರೆ ಊರಿಗೆ ಹಾಕಿಸುತ್ತಿದ್ದರು. ಅದಕ್ಕೇ ಅವನಿಗೆ ಅಯ್ಯನವರ ಬಾಯಿಂದ ಒಂದು ಮಾತು ಬೇಕಿತ್ತು. ಕೊಡು ಎಂದರೆ ಅವರ ಹೆಸರು ಹೇಳಿ ಕೊಡಬಹುದು, ಬೇಡ ಎಂದರೆ ಅವರ ಹೆಸರು ಹೇಳಿ ಬಿಡಬಹುದು. ತನ್ನನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸಿದ ಮಾರ್ಕಪ್ಪನವರ ಮೇಲೆ ಒಳಗೊಳಗೇ ಸಿಟ್ಟೂ ಬಂದಿತ್ತು. ಸಾಯುವ ಮನುಷ್ಯನ ಮೇಲೆ ಸಿಟ್ಟು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಗಿತ್ತು.

ಅಯ್ಯನವರು ಶೇಂಗಾ ಸುಲಿಯುವುದನ್ನು ಬಿಡಲಿಲ್ಲ. ಮಾರ್ಕಪ್ಪನಿಗೂ ವಾಕ್ಯ ಕಲಿಸಿದವರು ಅವರೇ, ಇದೇ ಪಡಸಾಲೆಯಲ್ಲಿ. ಆ ಮಾತನ್ನು ಅವರು ಎತ್ತಲಿಲ್ಲ. ಯೋವೇಲನ ಪ್ರಶ್ನೆಗೆ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಬೆಂಕಿ ಇರಲಿಲ್ಲ. ಏಕೆ ಇರಲಿಲ್ಲ ಎಂದು ಕೇಳಬಾರದು. ಇರಲಿಲ್ಲ, ಅಷ್ಟೇ. ಜನ ಜೋಳವನ್ನು ನೆನೆಹಾಕಿ ತಿನ್ನುತ್ತಿದ್ದರು. ಚಳಿಗಾಲದಲ್ಲಿ ದನಗಳ ಮಗ್ಗುಲಿಗೆ ಮಲಗುತ್ತಿದ್ದರು. ಬಾಣಂತಿಯರು ತಣ್ಣೀರು ಹಾಕಿಕೊಳ್ಳುತ್ತಿದ್ದರು, ಕೆಲವರು ಅದರಿಂದಲೇ ಸಾಯುತ್ತಿದ್ದರು. ಬದುಕು ಎಂದರೆ ಹೀಗೇ ಎಂದುಕೊಂಡಿದ್ದರಿಂದ ಯಾರೂ ಗೊಣಗುತ್ತಿರಲಿಲ್ಲ.

ಆ ಊರಿನ ಒಬ್ಬ ಹೆಂಗಸು, ದೂರದಲ್ಲೆಲ್ಲೋ ಬೆಂಕಿ ಇದೆ ಎಂದು ಕೇಳಿ ಹೊರಟಳು. ಮೂರು ದಿನ ನಡೆದಳು. ಅಲ್ಲಿ ಒಬ್ಬ ಕುಂಬಾರನ ಮಡಕೆ ಸುಡುವ ಆವಿಗೆ ಉರಿಯುತ್ತಿತ್ತು. ಅವನು ಅವಳ ಜಾತಿ ಕೇಳಲಿಲ್ಲ, ಯಾರ ಮನೆಯವಳು ಎಂದು ಕೇಳಲಿಲ್ಲ. ಒಂದು ಹೊಸ ಮಡಕೆಗೆ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ ಕೈಗೆ ಕೊಟ್ಟ. ಅವಳು ಹೊರಡುವಾಗ ಒಂದೇ ಮಾತು ಹೇಳಿದ. “ಆರಿತಂದ್ರ ಮತ್ತ ಬಾ. ನನ್ನ ಆವಿಗಿ ಎಲ್ಲಿಗೂ ಹೋಗಂಗಿಲ್ಲ.”

ಅವಳು ಮಡಕೆಯನ್ನು ಸೊಂಟಕ್ಕೆ ಇಟ್ಟುಕೊಂಡು ನಡೆದಳು. ದಾರಿಯಲ್ಲಿ ಸಿಕ್ಕ ಒಣ ಸಗಣಿ ಆರಿಸಿ ಆರಿಸಿ ಕೆಂಡಕ್ಕೆ ಉಣಿಸಿದಳು. ಕೈ ಸುಟ್ಟಿತು, ಸೊಂಟದ ಚರ್ಮ ಸುಲಿಯಿತು. ನಡೆಯುತ್ತ ನಡೆಯುತ್ತ ಕುಂಬಾರನ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಅವಳು ಕೆಟ್ಟವಳಲ್ಲ. ಆದರೆ ತನ್ನ ಊರಿನವರನ್ನು ಚೆನ್ನಾಗಿ ಬಲ್ಲವಳು. ಆರಿದರೆ ಮತ್ತೆ ಸಿಗುತ್ತದೆ ಎಂದು ಹೇಳಿಬಿಟ್ಟರೆ ಈ ಜನ ಒಂದು ವಾರವೂ ಕೆಂಡ ಕಾಯುವುದಿಲ್ಲ ಎಂದುಕೊಂಡಳು. ಊರ ಅಗಸಿ ಬಾಗಿಲು ಕಾಣುವ ಹೊತ್ತಿಗೆ, ಆ ಮಾತನ್ನು ಹೇಳಕೂಡದು ಎಂದು ಗಟ್ಟಿ ಮಾಡಿಕೊಂಡಳು.

ನಲವತ್ತು ಮನೆಯವರು ಹಂಚಿನ ಚೂರು ಹಿಡಿದು ಅವಳ ಬಾಗಿಲಿಗೆ ಬಂದರು. ಎಲ್ಲರಿಗೂ ಒಂದೊಂದು ಕೆಂಡ ಕೊಟ್ಟಳು. ಸಂಜೆಗೆ ಸಗಣಿ ಕುಳ್ಳಿನ ನಡುವೆ ಕೆಂಡವಿಟ್ಟು ಬೂದಿ ಮುಚ್ಚುವುದು ಹೇಗೆ, ಮುಂಜಾನೆ ಬೂದಿ ಸರಿಸಿ ಊದುವುದು ಹೇಗೆ ಎಂದು ತೋರಿಸಿದಳು. ಆಮೇಲೆ ಎಲ್ಲರಿಗೂ ಒಂದೇ ಮಾತು. “ಜ್ವಾಕಿ. ಒಮ್ಮೆ ಆರಿತಂದ್ರ ಮುಗೀತು. ಎರಡನೇ ಸಲ ಸಿಗಂಗಿಲ್ಲ.”

ಜನ ಹೆದರಿದರು. ಹೆದರಿ ಕಾದರು. ಊರಲ್ಲಿ ಬಿಸಿ ರೊಟ್ಟಿ ಬಂತು, ಬಾಣಂತಿಗೆ ಬಿಸಿನೀರು ಬಂತು. ಮುದುಕರು ಚಳಿಗಾಲ ದಾಟಿ ಬದುಕತೊಡಗಿದರು.

ಆದರೂ ಮನುಷ್ಯರ ಮನೆ. ಒಬ್ಬಳು ಮೈ ಹುಷಾರಿಲ್ಲದೆ ಮಲಗಿ ಕೆಂಡ ಆರಿಸಿಕೊಂಡಳು. ಇನ್ನೊಬ್ಬಳು ತವರಿಗೆ ಹೋಗಿ ಬರುವಷ್ಟರಲ್ಲಿ ಗಂಡ ಆರಿಸಿ ಕೂತಿದ್ದ. ಅವರು ಅಳುತ್ತ ಇವಳ ಬಾಗಿಲಿಗೆ ಬಂದರು. ಇವಳು ಬೀದಿಗೆಲ್ಲ ಕೇಳುವ ಹಾಗೆ ಬೈದಳು. ಹಂಚು ಕಿತ್ತುಕೊಂಡು ನೆಲಕ್ಕೆ ಕುಕ್ಕಿದಳು. ನಿಮ್ಮಂಥವರಿಗೆ ಬೆಂಕಿ ತಂದದ್ದೇ ನನ್ನ ತಪ್ಪು ಎಂದಳು. ಆಮೇಲೆ ಹಿತ್ತಿಲ ಬಾಗಿಲಿಗೆ ಕರೆದು, ಸೆರಗಿನ ಮರೆಯಲ್ಲಿ ಕೆಂಡ ಕೊಟ್ಟು ಕಳಿಸಿದಳು. ಬೈದದ್ದನ್ನು ಊರು ಕೇಳಿತು. ಕೊಟ್ಟದ್ದನ್ನು ಊರು ನೋಡಲಿಲ್ಲ. ಇಸಿದುಕೊಂಡವರು ಮಾನಕ್ಕೆ ಅಂಜಿ ಬಾಯಿ ಬಿಡಲಿಲ್ಲ.

ಹೀಗೆ ಬಹಳ ವರ್ಷ ಹೋದವು. ಕಟ್ಟೆಯ ಮೇಲೆ ಕೂರುವ ಹಿರಿಯರು ಅವಳ ಮಾತನ್ನು ಎತ್ತಿಕೊಂಡು ಊರ ಕಟ್ಟಳೆ ಮಾಡಿದರು. ಕೆಂಡ ಆರಿದ ಮನೆಗೆ ಯಾರೂ ಕೆಂಡ ಕೊಡಕೂಡದು. ಆ ಮನೆಯವರನ್ನು ಯಾರೂ ತಮ್ಮ ಒಲೆಯ ಮುಂದೆ ಕೂರಿಸಿಕೊಳ್ಳಕೂಡದು. ಅಂಥವರಿಗೆ ಕೊಟ್ಟರೆ ಕೊಟ್ಟವರ ಬೆಂಕಿಯೂ ಆರಿಹೋಗುತ್ತದೆ ಎಂದು ತಮ್ಮದೊಂದು ಮಾತನ್ನೂ ಸೇರಿಸಿದರು. ಈ ಕಡೆಯ ಮಾತು ಎಲ್ಲಿಂದ ಬಂತೋ ಯಾರಿಗೂ ತಿಳಿಯದು. ಕಟ್ಟಳೆಯನ್ನು ಕೇಳಿದ ದಿನ ಅವಳು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ತನ್ನ ಮಾತಿಗೆ ಇಷ್ಟು ಬೆಲೆ ಬಂತಲ್ಲ ಎಂದು ಅವಳಿಗೆ ಹೆಮ್ಮೆಯೇ ಆಯಿತು. ಹಿತ್ತಿಲ ಬಾಗಿಲಿಗೆ ಬರುವವರಿಗೂ ಬರಬರುತ್ತ ಇಲ್ಲ ಎನ್ನತೊಡಗಿದಳು. ಯಾರಾದರೂ ನೋಡಿದರೆ ತನ್ನ ಮಾತಿನ ಬೆಲೆ ಏನಾದೀತು ಎಂಬ ಹೆದರಿಕೆ. ಎರಡು ಮನೆಯವರು ಕದ ಹಾಕಿಕೊಂಡು ನೆನೆಹಾಕಿದ ಜೋಳ ತಿಂದು ನೋಡಿದರು. ಆಮೇಲೆ ಹೇಳದೆ ಕೇಳದೆ ಊರು ಬಿಟ್ಟರು.

ಅವಳಿಗೆ ವಯಸ್ಸಾಯಿತು. ಅವಳ ಗಂಡ ಸತ್ತ. ಸತ್ತವನನ್ನು ಸಾಗಿಸಿ ಬಂದವಳು ಒಲೆಯ ಕಡೆ ತಿರುಗಿಯೂ ನೋಡದೆ ಕೂತಳು. ಒಂದು ಸಂಜೆ ಕೆಂಡಕ್ಕೆ ಬೂದಿ ಮುಚ್ಚಲಿಲ್ಲ. ಮರೆತಳು ಎನ್ನುವ ಹಾಗಿಲ್ಲ. ಒಲೆ ಕಣ್ಣ ಮುಂದೆಯೇ ಇತ್ತು. ಯಾರಿಗೆ ಬೇಯಿಸಬೇಕು ಎನಿಸಿ ಸುಮ್ಮನೆ ಕೂತಳು. ಮುಂಜಾನೆ ಬೂದಿಯಲ್ಲಿ ಕೈಯಿಟ್ಟರೆ ತಣ್ಣಗಿತ್ತು. ಅವಳ ತಪ್ಪೇ. ಆ ತಪ್ಪನ್ನು ಯಾರೂ ಮುಚ್ಚಿಹಾಕಬೇಕಿಲ್ಲ. ಒಂದಷ್ಟು ದಿನ ತಾನೇ ಮುಚ್ಚಿಟ್ಟಳು. ಒಪ್ಪೊತ್ತು ಮಾಡುತ್ತಿದ್ದೇನೆ, ಹಸಿವಿಲ್ಲ, ಮನೆಯಲ್ಲಿ ಸೂತಕ ಎಂದು ಕೇಳಿದವರಿಗೊಂದು ಹೇಳಿದಳು. ಆರನೆಯ ದಿನ ಪಕ್ಕದ ಮನೆಯವಳು, ಇವಳ ಮಾಡಿನ ಮೇಲೆ ಹೊಗೆ ಏಳುತ್ತಿಲ್ಲ ಎಂದು ನೋಡಿ ಊರಿಗೆಲ್ಲ ಹೇಳಿದಳು.

ಹಿರಿಯರು ಕಟ್ಟೆಯ ಮೇಲೆ ಕೂಡಿದರು. ಇಂಥವಳ ಒಲೆ ಹೇಗೆ ಆರಿತು ಎಂಬುದು ಅವರಿಗೆ ದೊಡ್ಡ ಚರ್ಚೆಯಾಯಿತು. ಬೆಂಕಿ ಇತ್ತು, ಆರಿಸಿಕೊಂಡಳು ಎಂದು ಒಂದು ಗುಂಪು. ಅವಳು ತಂದದ್ದು ನಿಜವಾದ ಬೆಂಕಿಯಾಗಿದ್ದರೆ ಆರುತ್ತಲೇ ಇರಲಿಲ್ಲ, ಅವಳ ಒಲೆಯಲ್ಲಿ ಇದ್ದದ್ದು ಬೆಂಕಿಯೇ ಅಲ್ಲ ಎಂದು ಇನ್ನೊಂದು ಗುಂಪು. ಗಂಟಲು ಹರಿಯುವ ತನಕ ವಾದ ಮಾಡಿದರು. ಹಸಿವಾದ ಮೇಲೆ ಎದ್ದು ಅವರವರ ಮನೆಗೆ ಹೋದರು. ಅವಳು ತಂದ ಬೆಂಕಿಯ ಮೇಲೆ ಕಾಯಿಸಿದ ಅಂಬಲಿ ಕುಡಿದರು.

ಅವಳು ಹಂಚಿನ ಚೂರು ಹಿಡಿದು ಬೀದಿಗೆ ಇಳಿದಳು. ಮೊದಲು ಹೋದದ್ದು, ತಾನು ಹಿತ್ತಿಲ ಬಾಗಿಲಲ್ಲಿ ಮೂರು ಸಲ ಕೆಂಡ ಕೊಟ್ಟಿದ್ದವಳ ಮನೆಗೆ.

“ಒಂದು ಕೆಂಡ ಕೊಡವ್ವಾ,” ಎಂದಳು.

“ಹೆಂಗ ಕೊಡ್ಲಿ ಯವ್ವಾ? ಒಮ್ಮೆ ಆರಿತಂದ್ರ ಮುಗೀತು ಅಂತ ನೀನ ಹೇಳಿದ್ದಿ.”

“ಹೇಳಿದ್ದೆ. ಸುಳ್ಳು ಹೇಳಿದ್ದೆ. ಆರಿದ್ರ ಮತ್ತ ಬಾ ಅಂತ ಕೊಟ್ಟಾಂವ ಅಂದಿದ್ದ. ನೀವು ಜ್ವಾಕಿ ಇರ್ಲಿ ಅಂತ ನಾನ ಆ ಮಾತು ಮುಚ್ಚಿಟ್ಟೆ.”

ಬಾಗಿಲಲ್ಲಿ ನಿಂತವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಇಷ್ಟು ವರ್ಷ ಬಿಟ್ಟು, ನಿನಗ ಬೇಕಾದಾಗ ನೆನಪಾತೇನು ಆ ಮಾತು?” ಎಂದಳು. ಎಂದು ಬಾಗಿಲು ಮುಂದೆ ಮಾಡಿದಳು.

ಮನೆ ಮನೆಯಲ್ಲೂ ಇದೇ ಆಯಿತು. ಅವಳ ಹಳೆಯ ಸುಳ್ಳನ್ನು ನಂಬಿದಷ್ಟು ಯಾರೂ ಅವಳ ಹೊಸ ನಿಜವನ್ನು ನಂಬಲಿಲ್ಲ. ಅವರೇನೂ ಕಟುಕರಲ್ಲ. ಒಬ್ಬರು ನೆನೆಸಿದ ಜೋಳ ಕೊಟ್ಟರು. ಒಬ್ಬರು ಹಳೆಯ ಕಂಬಳಿ ಕೊಟ್ಟರು. ನಿನ್ನ ಸಲುವಾಗಿ ದೇವರಿಗೆ ಹರಸಿಕೊಂಡಿದ್ದೇವೆ ಎಂದು ಹೇಳಿದವರೂ ಇದ್ದರು. ಕೆಂಡ ಒಂದು ಬಿಟ್ಟು ಉಳಿದ ಎಲ್ಲವನ್ನೂ ಆ ಊರು ಅವಳಿಗೆ ಕೊಟ್ಟಿತು.

ಅವಳು ಕುಂಬಾರನ ಊರಿಗೆ ಹೊರಟು ನೋಡಿದಳು. ಮೂರು ದಿನದ ದಾರಿ. ಹಳ್ಳದ ದಂಡೆಯವರೆಗೆ ಹೋಗುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಕೂತು ಕೂತು ಹಿಂದಕ್ಕೆ ಬಂದಳು. ಆಗ ಚಳಿಗಾಲ ಶುರುವಾಗಿತ್ತು.

ಆ ಊರಿನಲ್ಲಿ ಒಬ್ಬ ಸೊಸೆ ಇದ್ದಳು. ಹೊಸದಾಗಿ ಬಂದವಳು. ಮುದುಕಿಯನ್ನು ನೋಡಿ ಮರುಗಿದಳು. ಕೊಡಬೇಕು ಎಂದುಕೊಂಡಳು. ಹಂಚಿನಲ್ಲಿ ಕೆಂಡ ಹಾಕಿಕೊಂಡು ಹೊಸ್ತಿಲವರೆಗೆ ಬಂದೂ ಬಂದಳು. ಹೊಸ್ತಿಲಲ್ಲಿ ನಿಂತಾಗ, ಕೊಟ್ಟರೆ ತಪ್ಪಾದೀತೇ ಎನಿಸಿತು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಕೆಂಡವನ್ನು ಮತ್ತೆ ಬೂದಿಗೆ ಹಾಕಿದಳು. ತನ್ನ ತವರಿನ ಕಡೆ ಒಬ್ಬ ತಿಳಿದ ಹಿರಿಯನಿದ್ದ, ಅವನನ್ನು ಕೇಳಿಕೊಂಡು ಬಂದು ಕೊಟ್ಟರಾಯಿತು ಎಂದು ಹೊರಟಳು. ಬಹಳ ಒಳ್ಳೆಯವಳು. ಕೆಟ್ಟವಳಾಗಿದ್ದರೆ ಕೇಳಲು ಹೋಗುತ್ತಲೇ ಇರಲಿಲ್ಲ.

ಹಿರಿಯ ಅವಳ ಮಾತನ್ನೆಲ್ಲ ಕೇಳಿದ. ಕೊಡು, ಓಡು ಎಂದು ಎರಡು ಮಾತು ಹೇಳಿದ್ದರೆ ಸಾಕಾಗುತ್ತಿತ್ತು. ಅವನು ಅವಳನ್ನು ಕೂರಿಸಿಕೊಂಡು ಒಂದು ಕತೆ ಹೇಳಿದ. ಮುದುಕರಿಗೆ ಕತೆ ಹೇಳುವ ಚಟ. ಬಂದವರಿಗೆ ಕೇಳುವ ಚಟ. ಇಬ್ಬರಿಗೂ ಅದು ಕೆಂಡ ಹೊತ್ತು ಬೀದಿಯಲ್ಲಿ ನಡೆಯುವುದಕ್ಕಿಂತ ಹಗುರ.

ಯೋವೇಲನ ಕಿವಿ ಕಾದವು. ಅವನು ಅಂಗಳದ ಕಡೆ ನೋಡಿದ. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಬೆಳಿಗ್ಗೆ ತಾನು ಹೊರಡುವಾಗ ಎಸ್ತೇರವ್ವ ಬೀದಿಯಲ್ಲಿ ಎದುರಾಗಿದ್ದಳು. ಏನೂ ಕೇಳಲಿಲ್ಲ, ಸೈಕಲ್ಲಿಗೆ ದಾರಿ ಬಿಟ್ಟು ಬದಿಗೆ ಸರಿದು ನಿಂತಳು. ಅಪ್ಪ ಹೇಗಿದ್ದಾನೆ ಎಂದು ಅವಳನ್ನು ಕೇಳಬೇಕಿತ್ತು. ತಾನು ಕೇಳಿರಲಿಲ್ಲ. ಅವನು ಎದ್ದು ನಿಂತ. ಅಯ್ಯನವರು ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವನು ನಿಂತೇ ಇದ್ದ. ಅವರು ಕತೆ ಮುಂದುವರಿಸಿದರು.

ಕೊಟ್ಟರೆ ತಪ್ಪಿಲ್ಲ ಎಂದು ಹಿರಿಯ ಕಡೆಗೆ ಹೇಳಿದ. ಸೊಸೆ ಅಪ್ಪಣೆ ಪಡೆದು ಸಂತೋಷದಿಂದ ಊರಿಗೆ ಬಂದಳು. ಬಂದಾಗ ಮುದುಕಿ ಸತ್ತಿದ್ದಳು. ಕಂಬಳಿ ಹೊದ್ದು, ತಣ್ಣಗಿನ ಒಲೆಯ ಮುಂದೆ ಮುದುಡಿಕೊಂಡು ಸತ್ತಿದ್ದಳು. ಪಕ್ಕದಲ್ಲಿ ನೆನೆಸಿದ ಜೋಳ ಹಾಗೇ ಇತ್ತು. ಅಗಿಯಲು ಅವಳಿಗೆ ಹಲ್ಲಿರಲಿಲ್ಲ. ಕೊಟ್ಟವರಿಗೆ ಅದು ಹೊಳೆದಿರಲಿಲ್ಲ.

ಊರು ಗೋಳೋ ಎಂದು ಅತ್ತಿತು. ನಮಗೆ ಬೆಂಕಿ ತಂದವಳು ಹೋದಳಲ್ಲ ಎಂದು ಗಂಡಸರೂ ಅತ್ತರು. ಹೊರುವುದಕ್ಕೆ ನಾ ಮುಂದು ತಾ ಮುಂದು ಎಂದರು. ಕಟ್ಟಿಗೆ ಒಟ್ಟಿ ಮಲಗಿಸಿದ ಮೇಲೆ, ಬೆಂಕಿ ಯಾರ ಮನೆಯದು ಎಂಬ ಮಾತು ಬಂತು. ಕೆಂಡ ಆರಿದವಳಿಗೆ ಕೆಂಡ ಕೊಡಬಹುದೇ ಎಂದು ಒಬ್ಬ ಕೇಳಿದ. ಹಿರಿಯರು ಈ ಸಲ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಕಟ್ಟಳೆ ಇರುವುದು ಒಲೆಗೆ, ಚಿತೆಗಲ್ಲ ಎಂದರು. ಊರಲ್ಲಿದ್ದ ಮನೆಯವರೆಲ್ಲ ಓಡಿಹೋಗಿ ಹಂಚಿನ ತುಂಬ ಕೆಂಡ ತಂದರು. ಅವಳು ಬದುಕಿದ್ದಾಗ ಯಾರಲ್ಲಿ ಒಂದು ಕೆಂಡ ಹುಟ್ಟಿರಲಿಲ್ಲವೋ ಅವರೇ ಈಗ ಮೊಗೆಮೊಗೆದು ಸುರಿದರು. ಸೊಸೆಯೂ ತನ್ನದನ್ನು ತಂದಳು. ಅವಳಿಗಂತೂ ಅಪ್ಪಣೆಯೇ ಇತ್ತು. ಅವಳು ಬರುವ ಹೊತ್ತಿಗೆ ಚಿತೆ ಚೆನ್ನಾಗಿ ಹತ್ತಿಕೊಂಡಿದ್ದರಿಂದ, ಒಂದು ಕಡೆ ಹಾಕಿ ಕೈ ಮುಗಿದಳು. ಆಮೇಲೆ ಎಲ್ಲರೂ ಸ್ನಾನ ಮಾಡಿ ಮನೆಗೆ ಹೋಗಿ ಅಡುಗೆ ಮಾಡಿಕೊಂಡರು.

ಅಯ್ಯನವರು ಕತೆ ನಿಲ್ಲಿಸಿದರು. ಮಡಿಲಿನ ಸಿಪ್ಪೆಯನ್ನು ಕೊಡವಿದರು.

ಯೋವೇಲನಿಗೆ ಸೈಕಲ್ ಹತ್ತಿ ಹೊರಟುಬಿಡಬೇಕು ಎನಿಸಿತು. ಹೊರಟರೆ ಊರ ಅಗಸಿಯಲ್ಲೇ ಹಿರಿಯರು ಕಾದಿರುತ್ತಾರೆ, ಅಯ್ಯನವರು ಏನಂದರು ಎಂದು ಕೇಳುತ್ತಾರೆ. ಅವರಿಗೆ ಬೆಂಕಿಯ ಕತೆ ಹೇಳಿದರೆ ನಗುತ್ತಾರೆ. ಅವರಿಗೆ ಬೇಕಾದದ್ದು ಹೌದು ಅಥವಾ ಇಲ್ಲ. ತನಗೆ ಬೇಕಾದದ್ದೂ ಅದೇ ಎಂದು ಅವನಿಗೆ ಅನಿಸಿತು. ಅನಿಸಿದಾಗ ತನ್ನ ಮೇಲೆಯೇ ಅಸಹ್ಯವಾಯಿತು. 

ಆದರೂ ಕೇಳಿದ. “ಅಯ್ಯನವರ, ಹಿರ್ಯಾರು ಬಿಡಂಗಿಲ್ಲರಿ. ಆಕಿ ಬೆಂಕಿ ಕಳಕೊಂಡ್ಲೋ, ಇಲ್ಲಾ ಆಕಿ ಕಡೆ ಮೊದಲಿಂದ ಬೆಂಕೀನ ಇರಲಿಲ್ಲೋ? ಒಂದು ಮಾತು ಹೇಳಿಬಿಡ್ರಿ. ಅದನ್ನ ಹಿಡ್ಕೊಂಡು ಹೊಕ್ಕೀನಿ.”

ಅಯ್ಯನವರು ಆವತ್ತು ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದರು.

“ಆಕೀದು ಹಂಗಿರ್ಲಿ ಯೋವೇಲಾ, ಕೊಡದವರ ಒಲಿಯಾಗ ಇದ್ದದ್ದು ಬೆಂಕೀನ ಅಂತ ನಿನಗ ಯಾರು ಹೇಳಿದ್ರು?”